ಮಂಜು, ಯಂತ್ರ, ಪೈಲಟ್: ಹೆಲಿಕಾಪ್ಟರ್ ಬಿದ್ದಾಗ ತಪ್ಪನ್ನು ಎಲ್ಲಿ ಹುಡುಕಬೇಕು?

2021ರ ಡಿಸೆಂಬರ್ 8ರಂದು ನೀಲಗಿರಿಯ ಕೂನೂರಿನ ಹತ್ತಿರ ವಾಯುಪಡೆಯ ಎಂಐ-17 ವಿ5 ಹೆಲಿಕಾಪ್ಟರ್ ಬಿತ್ತು. ಮೂರೂ ಸೇನಾಪಡೆಗಳ ಆಗಿನ ಮುಖ್ಯಸ್ಥ (ಸಿಡಿಎಸ್) ಜನರಲ್ ಬಿಪಿನ್ ರಾವತ್, ಅವರ ಪತ್ನಿ ಮಧುಲಿಕಾ ಸೇರಿ ಅದರಲ್ಲಿ 14 ಜನ ಇದ್ದರು. 13 ಜನ ಅಂದೇ ತೀರಿಕೊಂಡರು. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರ ಸಾವಿನೊಡನೆ ಹೋರಾಡಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಕೊಡಗಿಗೆ ಇದು ಎಲ್ಲೋ ದೂರದ ಸುದ್ದಿ ಆಗಿರಲಿಲ್ಲ. ಇದೇ ರಾವತ್ 2017ರ ನವೆಂಬರ್‌ನಲ್ಲಿ ಗೋಣಿಕೊಪ್ಪಲಿಗೆ ಬಂದಿದ್ದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಅವರ ಪ್ರತಿಮೆಗಳನ್ನು ಅನಾವರಣ ಮಾಡಿ, ಕಾರ್ಯಪ್ಪನವರಿಗೆ ಭಾರತ ರತ್ನ ಸಿಗಬೇಕು ಎಂದು ಹೇಳಿ ಹೋಗಿದ್ದರು. ಮಗನನ್ನೋ ಅಣ್ಣನನ್ನೋ ಸೇನೆಗೆ ಕಳಿಸಿದ ಮನೆಗಳು ಇಲ್ಲಿ ಲೆಕ್ಕವಿಲ್ಲದಷ್ಟಿವೆ. ಹೆಲಿಕಾಪ್ಟರ್ ಬಿತ್ತು ಎಂಬ ಸುದ್ದಿ ಬಂದರೆ ಈ ಮನೆಗಳಲ್ಲಿ ಮೊದಲು ಫೋನ್ ಕೈಗೆತ್ತಿಕೊಳ್ಳುತ್ತಾರೆ.

ಆ ದುರಂತದ ಕಾರಣದ ಬಗ್ಗೆ ಬಂದ ಎರಡು ಸುದ್ದಿಗಳು ಇವತ್ತಿಗೂ ಜನರನ್ನು ಗೊಂದಲದಲ್ಲಿ ಇಟ್ಟಿವೆ. 2022ರ ಜನವರಿಯಲ್ಲಿ ವಾಯುಪಡೆ ಹೇಳಿದ್ದು: ಯಂತ್ರದ ದೋಷವಿಲ್ಲ, ವಿಧ್ವಂಸಕ ಕೃತ್ಯವಲ್ಲ, ನಿರ್ಲಕ್ಷ್ಯವೂ ಅಲ್ಲ. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿ ಬಂತು. 2017ರಿಂದ 2022ರವರೆಗಿನ ಯೋಜನಾ ಅವಧಿಯ 34 ವಾಯು ಅಪಘಾತಗಳ ಪಟ್ಟಿಯಲ್ಲಿ ಕೂನೂರಿನ ಮುಂದೆ ಇದ್ದ ಕಾರಣ ‘ಮಾನವ ದೋಷ’. ಹಾಗಾದರೆ ಮೊದಲು ಹೇಳಿದ್ದು ಸುಳ್ಳಾ? ಪೈಲಟ್ ತಲೆಗೆ ಕಟ್ಟಿದರಾ? ಈ ಪ್ರಶ್ನೆಗೆ ಸರಿಯಾದ ಉತ್ತರ ಬೇಕಾದರೆ ಹೆಲಿಕಾಪ್ಟರ್‌ಗಳು ಯಾಕೆ ಬೀಳುತ್ತವೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಎರಡು ವರದಿ, ಒಂದೇ ಘಟನೆ

ಎರಡೂ ವರದಿಗಳು ಒಂದಕ್ಕೊಂದು ವಿರುದ್ಧ ಅಂತ ಕಾಣುವುದು ಪದಗಳಿಂದಾಗಿ. ಕಣಿವೆಯಲ್ಲಿ ಹವಾಮಾನ ಇದ್ದಕ್ಕಿದ್ದಂತೆ ಬದಲಾಯಿತು, ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಪೈಲಟ್‌ಗೆ ದಿಕ್ಕು ಮತ್ತು ಮಟ್ಟದ ಅರಿವು ತಪ್ಪಿತು, ಸರಿಯಾಗಿ ಹಾರುತ್ತಿದ್ದ ಯಂತ್ರವೇ ಬೆಟ್ಟಕ್ಕೆ ಬಡಿಯಿತು. ಇದು 2022ರ ವಿವರಣೆ. ಅಪಘಾತಗಳನ್ನು ವಿಂಗಡಿಸುವ ಪಟ್ಟಿಯಲ್ಲಿ ಇಂಥ ಘಟನೆ ಹೋಗಿ ಸೇರುವ ಕಾಲಂ ‘ಮಾನವ ದೋಷ’. ಯಾಕೆಂದರೆ ಯಂತ್ರ ಕೆಟ್ಟಿರಲಿಲ್ಲ.

ನಿರ್ಲಕ್ಷ್ಯ ಅಂದರೆ ಗೊತ್ತಿದ್ದೂ ಗಮನ ಕೊಡದೆ ಇರುವುದು. ದೋಷ ಅಂದರೆ ಒಂದು ನಿರ್ಧಾರ ಅಥವಾ ಅಂದಾಜು ತಪ್ಪುವುದು. ಒಳ್ಳೆಯ ಪೈಲಟ್‌ಗೂ ಎರಡನೆಯದು ಆಗಬಹುದು. ಕನ್ನಡದ ಸುದ್ದಿಯಲ್ಲಿ ಎರಡನ್ನೂ ‘ತಪ್ಪು’ ಎಂದು ಬರೆದಾಗ ಓದುವವರಿಗೆ ಕೇಳಿಸುವುದು ಮಾತ್ರ ಆರೋಪ. ತೀರಿಹೋದ ಪೈಲಟ್‌ನ ಮನೆಯವರಿಗೆ ಆ ಒಂದು ಪದ ಎಷ್ಟು ನೋವು ಕೊಡುತ್ತದೆ ಎಂಬುದನ್ನೂ ನೆನಪಿಡಬೇಕು.

ಮಂಜಿನೊಳಗೆ ಏನಾಗುತ್ತದೆ

ಸಂಪಾಜೆ ಘಾಟಿಯಲ್ಲಿ ಮಳೆಗಾಲದ ಸಂಜೆ ಗಾಡಿ ಓಡಿಸಿದವರಿಗೆ ಮಂಜಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಎದುರಿಗೆ ಬಿಳಿ ಗೋಡೆ. ಆದರೂ ಚಕ್ರ ನೆಲದ ಮೇಲಿದೆ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ. ಹೆಲಿಕಾಪ್ಟರ್‌ನಲ್ಲಿ ಆ ನೆಲ ಇಲ್ಲ. ನಮ್ಮ ಕಿವಿಯೊಳಗಿನ ಸಮತೋಲನದ ವ್ಯವಸ್ಥೆ ನಿಧಾನವಾದ ತಿರುವನ್ನು ಗುರುತಿಸುವುದಿಲ್ಲ. ದಿಗಂತ ಕಾಣದಾದಾಗ ಯಂತ್ರ ಒಂದು ಬದಿಗೆ ವಾಲಿದ್ದರೂ ದೇಹ ‘ನೆಟ್ಟಗಿದ್ದೇನೆ’ ಅನ್ನುತ್ತದೆ. ಮೀಟರ್ ಒಂದು ಹೇಳುತ್ತದೆ, ಮೈ ಇನ್ನೊಂದು ಹೇಳುತ್ತದೆ. ಮೈಯನ್ನು ನಂಬಿದರೆ ಮುಗಿಯಿತು.

2020ರ ಜನವರಿ 26ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ 9 ಜನ ತೀರಿಕೊಂಡ ಅಪಘಾತದಲ್ಲೂ ಇದೇ ಆಯಿತು. ಯಂತ್ರದಲ್ಲಿ ದೋಷ ಸಿಗಲಿಲ್ಲ. ಮೋಡದೊಳಗೆ ಹೋದ ಪೈಲಟ್, ತಾನು ಮೇಲೇರುತ್ತಿದ್ದೇನೆ ಅಂದುಕೊಂಡಿದ್ದಾಗ ನಿಜವಾಗಿ ಕೆಳಗಿಳಿಯುತ್ತಿದ್ದರು. 2024ರ ಮೇ 19ರಂದು ಇರಾನಿನ ಅಧ್ಯಕ್ಷ ಇಬ್ರಾಹಿಂ ರಯೀಸಿ ಇದ್ದ ಬೆಲ್ 212 ಬಿದ್ದದ್ದೂ ಮಂಜು ಕವಿದ ಬೆಟ್ಟಗಳಲ್ಲೇ.

ಇಷ್ಟು ಓದಿದರೆ ‘ಹಾಗಾದರೆ ನಿರ್ವಹಣೆಗೆ ಇದರಲ್ಲಿ ಪಾತ್ರವೇ ಇಲ್ಲ’ ಅನಿಸಬಹುದು. ಅಲ್ಲೇ ವಿಷಯ ಸೂಕ್ಷ್ಮವಾಗುವುದು.

2009ರ ಸೆಪ್ಟೆಂಬರ್ 2. ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರ ಬೆಲ್ 430 ನಲ್ಲಮಲ ಕಾಡಿನ ಮೇಲೆ ಕೆಟ್ಟ ಮೋಡದ ಸಮೀಪ ಹಾರುತ್ತಿತ್ತು. ಆಗ ಗೇರ್‌ಬಾಕ್ಸಿನ ಎಣ್ಣೆಯ ಒತ್ತಡದ ಬಗ್ಗೆ ಎಚ್ಚರಿಕೆ ಬಂತು. ಪೈಲಟ್‌ಗಳು ಹಲವು ನಿಮಿಷ ಕೈಪಿಡಿಯಲ್ಲಿ ಪರಿಹಾರ ಹುಡುಕುತ್ತಾ ಕೂತರು. ಅಷ್ಟರಲ್ಲಿ ಹೆಲಿಕಾಪ್ಟರ್ ಕೆಳಮುಖವಾಗಿ ಬೀಸುವ ಭಾರೀ ಗಾಳಿಗೆ ಸಿಕ್ಕಿ ನಿಯಂತ್ರಣ ತಪ್ಪಿ ಬಿತ್ತು. ಐವರೂ ತೀರಿಕೊಂಡರು. ಬೀಳಿಸಿದ್ದು ಹವಾಮಾನ. ಆದರೆ ಹವಾಮಾನವನ್ನು ನೋಡಬೇಕಾಗಿದ್ದ ಕಣ್ಣುಗಳನ್ನು ಬೇರೆ ಕಡೆ ಸೆಳೆದದ್ದು ಒಂದು ಯಾಂತ್ರಿಕ ತೊಂದರೆಯ ಸೂಚನೆ. ಈ ಅಪಘಾತವನ್ನು ಯಾವ ಒಂದು ಕಾಲಂನಲ್ಲಿ ಬರೆಯುತ್ತೀರಿ?

ಎಂಜಿನ್ ನಿಂತರೂ ಇಳಿಯಬಹುದು

ಹೆಲಿಕಾಪ್ಟರ್ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಅಂದರೆ ಎಂಜಿನ್ ನಿಂತರೆ ಅದು ಕಲ್ಲಿನ ಹಾಗೆ ಬೀಳುತ್ತದೆ ಎನ್ನುವುದು. ಮಹಾಗನಿ ಬೀಜ ಮರದಿಂದ ಗಿರಗಿರನೆ ತಿರುಗುತ್ತಾ ಇಳಿಯುವುದನ್ನು ನೋಡಿದ್ದೀರಲ್ಲ, ಹೆಲಿಕಾಪ್ಟರ್ ಕೂಡ ಹಾಗೆ ಇಳಿಯಬಲ್ಲದು. ಎಂಜಿನ್ ನಿಂತ ಕೂಡಲೇ ಪೈಲಟ್ ರೆಕ್ಕೆಗಳ ಕೋನ ತಗ್ಗಿಸುತ್ತಾರೆ. ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತದೆ. ನೆಲ ಹತ್ತಿರ ಬಂದಾಗ ಆ ಸುತ್ತಿನ ಬಲವನ್ನೇ ಬಳಸಿ ವೇಗ ಕಡಿಮೆ ಮಾಡಿ ಇಳಿಸುತ್ತಾರೆ. ಪ್ರತಿ ಪೈಲಟ್‌ಗೂ ಇದರ ತರಬೇತಿ ಇದೆ. ಇಳಿಯಲು ಒಂದು ಬಯಲು ಮಾತ್ರ ಬೇಕು.

ಕೆಟ್ಟರೆ ಉಳಿಯುವ ದಾರಿ ತೀರಾ ಕಡಿಮೆ ಇರುವ ಭಾಗಗಳು ಬೇರೆ. ಎಂಜಿನ್ ಮತ್ತು ರೆಕ್ಕೆಗಳ ನಡುವಿನ ಮುಖ್ಯ ಗೇರ್‌ಬಾಕ್ಸ್, ಬಾಲದ ರೋಟರ್ (ತಿರುಗುವ ರೆಕ್ಕೆಗಳ ಚಕ್ರ), ಪೈಲಟ್‌ನ ಕೈಯ ಚಲನೆಯನ್ನು ತಿರುಗುವ ರೆಕ್ಕೆಗಳಿಗೆ ದಾಟಿಸುವ ಸ್ವಾಶ್‌ಪ್ಲೇಟ್ ಮತ್ತು ಅದರ ಕಂಬಿಗಳು. ಎಂಜಿನ್ ಬೇಕಾದರೆ ಎರಡು ಇಡಬಹುದು. ಮುಖ್ಯ ಗೇರ್‌ಬಾಕ್ಸ್ ಒಂದೇ. ಎಂಜಿನ್ ಒಳಗಿನ ಟರ್ಬೈನ್ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದೆ, ರೋಟರ್ ತಿರುಗುವುದು ಕೆಲವೇ ನೂರು ಸುತ್ತು. ಈ ಇಳಿಕೆಯ ಹೊರೆಯೆಲ್ಲ ಗೇರಿನ ಹಲ್ಲುಗಳ ಮೇಲೆ. ಜೊತೆಗೆ ಬಿಡುವಿಲ್ಲದ ನಡುಕ. ಲೋಹಕ್ಕೂ ದಣಿವಾಗುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೊಮ್ಮೆ ಟಕ್ ಎಂದು ತುಂಡಾಗುತ್ತದಲ್ಲ, ಹಾಗೆ.

1986ರ ನವೆಂಬರ್ 6ರಂದು ಸ್ಕಾಟ್ಲೆಂಡಿನ ಸಂಬರ್ಗ್ ಬಳಿ ಚಿನೂಕ್ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು 45 ಜನ ಸತ್ತದ್ದು ಹೀಗೆಯೇ. ಅದರ ಎರಡು ದೊಡ್ಡ ರೋಟರ್‌ಗಳ ರೆಕ್ಕೆಗಳು ಒಂದಕ್ಕೊಂದು ತಾಗದಂತೆ ತಾಳಕ್ಕೆ ಸರಿಯಾಗಿ ತಿರುಗಬೇಕು. ಮುಂದಿನ ಗೇರ್‌ಬಾಕ್ಸಿನ ಒಂದು ಗೇರ್ ಒಡೆಯಿತು, ತಾಳ ತಪ್ಪಿತು, ರೆಕ್ಕೆಗೆ ರೆಕ್ಕೆ ಬಡಿಯಿತು.

ಹೆಲಿಕಾಪ್ಟರಿಗೆ ನಿರ್ವಹಣೆ ಅಷ್ಟು ಮುಖ್ಯವಾಗುವುದು ಈ ಕಾರಣಕ್ಕೆ. ಬದಲಿ ಭಾಗ ಇಡಲು ಆಗದ ಕಡೆ, ಬಿರುಕು ಬೆಳೆಯುವ ಮೊದಲೇ ಅದನ್ನು ಹಿಡಿಯುವುದೊಂದೇ ರಕ್ಷಣೆ.

ಎಣ್ಣೆಯಲ್ಲಿ ಸಿಕ್ಕ ಒಂದು ಚೂರು

ಮಾಂದಲಪಟ್ಟಿಗೆ ಜೀಪ್ ಓಡಿಸುವವರು ಗೇರ್ ಎಣ್ಣೆ ಬದಲಿಸುವಾಗ ಒಂದು ಕೆಲಸ ಮಾಡುತ್ತಾರೆ. ಹಳೆ ಎಣ್ಣೆಯನ್ನು ಬೆರಳಿನ ನಡುವೆ ಉಜ್ಜಿ ನೋಡುತ್ತಾರೆ. ಮಿಣುಗುವ ಪುಡಿ ಸಿಕ್ಕರೆ ಒಳಗೆ ಏನೋ ಸವೆಯುತ್ತಿದೆ ಅಂತ ಅರ್ಥ. ಹೆಲಿಕಾಪ್ಟರ್‌ನಲ್ಲಿ ಈ ಕೆಲಸಕ್ಕೆ ಚಿಪ್ ಡಿಟೆಕ್ಟರ್ ಎಂಬ ಆಯಸ್ಕಾಂತದ ಪ್ಲಗ್ ಇದೆ. ಎಣ್ಣೆಯಲ್ಲಿ ತೇಲುವ ಉಕ್ಕಿನ ಚೂರು ಅದಕ್ಕೆ ಅಂಟಿಕೊಳ್ಳುತ್ತದೆ.

2009ರ ಮಾರ್ಚ್ 25ರಂದು ಉತ್ತರ ಸಮುದ್ರದ ತೈಲ ಬಾವಿಗಳಿಗೆ ಹೋಗಿಬರುತ್ತಿದ್ದ ಒಂದು ಸೂಪರ್ ಪ್ಯೂಮಾ ಹೆಲಿಕಾಪ್ಟರಿನ ಗೇರ್‌ಬಾಕ್ಸ್ ಪ್ಲಗ್‌ನಲ್ಲಿ ಅಂಥ ಒಂದು ಚೂರು ಸಿಕ್ಕಿತು. ಒಂದೇ ಒಂದು. ನಿರ್ವಹಣೆಯವರು ಅದನ್ನು ಕಡೆಗಣಿಸಲಿಲ್ಲ. ತಯಾರಕರನ್ನು ಕೇಳಿದರು. ಫೋನ್, ಇಮೇಲ್ ಓಡಾಡಿದವು. ಈ ಮಾತುಕತೆಯಲ್ಲೇ ಎಡವಟ್ಟಾಯಿತು. ಚೂರು ಎಲ್ಲಿ ಸಿಕ್ಕಿದ್ದು, ಮುಂದೆ ಯಾವ ತಪಾಸಣೆ ಆಗಬೇಕು ಎನ್ನುವುದು ಒಬ್ಬರು ಹೇಳಿದ ಹಾಗೆ ಇನ್ನೊಬ್ಬರಿಗೆ ಅರ್ಥವಾಗಲಿಲ್ಲ. ಗೇರ್‌ಬಾಕ್ಸಿನ ಆ ಭಾಗವನ್ನು ಬಿಚ್ಚಿ ನೋಡಲಿಲ್ಲ. ಇನ್ನೊಂದು ಚೂರು ಬರುತ್ತದಾ ಎಂದು ಕಾದರು, ಬರಲಿಲ್ಲ. ಆಮೇಲೆ 36 ಗಂಟೆಗಳಷ್ಟು ಹಾರಾಟ ನಡೆಯಿತು. ಏಪ್ರಿಲ್ 1ರಂದು ಗೇರ್ ಒಡೆದು, ರೋಟರ್ ಕಳಚಿ, 16 ಜನ ಸತ್ತರು.

ಎರಡನೇ ಚೂರು ಯಾಕೆ ಬರಲಿಲ್ಲ? ಬ್ರಿಟನ್ನಿನ ತನಿಖೆ ಇದಕ್ಕೂ ಉತ್ತರ ಕೊಟ್ಟಿತು. ಚೂರುಗಳು ಕೆಳಗಿನ ಗೇರುಗಳಿಗೆ ಹೋಗಿ ಹಾನಿ ಮಾಡದಿರಲಿ ಎಂದು ಗೇರ್‌ಬಾಕ್ಸ್ ಒಳಗಿನ ತಟ್ಟೆಗಳಲ್ಲೂ ಆಯಸ್ಕಾಂತಗಳನ್ನು ಕೂರಿಸಿದ್ದರು. ಅವೇ ಚೂರುಗಳನ್ನು ಹಿಡಿದುಕೊಂಡು, ಕೆಳಗೆ ಪ್ಲಗ್ ಇರುವಲ್ಲಿಗೆ ಬರುವ ಸಾಧ್ಯತೆಯನ್ನು ಕಡಿಮೆ ಮಾಡಿದ್ದವು. ಒಂದು ಅಪಾಯ ತಪ್ಪಿಸಲು ಹಾಕಿದ್ದು ಇನ್ನೊಂದು ಅಪಾಯದ ಸುಳಿವನ್ನೇ ಮುಚ್ಚಿತು. ಅಪಘಾತದ ನಂತರ ಆ ಆಯಸ್ಕಾಂತಗಳನ್ನು ತೆಗೆಸಲಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2016ರ ಏಪ್ರಿಲ್ 29ರಂದು ನಾರ್ವೆಯ ಟೂರೋಯ್ ಬಳಿ ಅದೇ ಕುಟುಂಬದ ಇಸಿ 225 ಹೆಲಿಕಾಪ್ಟರಿನ ಗೇರ್ ಅದೇ ರೀತಿ ಒಡೆಯಿತು. 13 ಸಾವು. ಈ ಬಾರಿ ಎಚ್ಚರಿಸುವ ಚೂರೇ ಸಿಗಲಿಲ್ಲ. ಬಿರುಕು ಲೋಹದ ಒಳಗೊಳಗೇ ಬೆಳೆದಿತ್ತು. ಮೆಕ್ಯಾನಿಕ್ ಎಷ್ಟೇ ಶ್ರದ್ಧೆಯಿಂದ ನೋಡಿದರೂ, ಕಾಣುವ ಹಾಗೆ ಯಂತ್ರ ಮಾಡಿದ್ದರೆ ತಾನೇ ಕಾಣುವುದು? ಹಾಗಾಗಿ ‘ನಿರ್ವಹಣೆಯ ಲೋಪ’ ಎಂಬ ಮಾತನ್ನೂ ಸುಮ್ನೆ ಒಪ್ಪಿಕೊಳ್ಳಬಾರದು ಎಂದು ನನಗೆ ಅನಿಸುತ್ತದೆ.

ಒಂದು ಪಿನ್, ಮೂರು ಬೋಲ್ಟ್

ನೇರವಾಗಿ ನಿರ್ವಹಣೆಯಿಂದಲೇ ಆದ ದುರಂತಗಳೂ ಇವೆ. ಟಿಲ್ಲರ್, ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಸ್ಪ್ಲಿಟ್ ಪಿನ್ ಗೊತ್ತು. ನಟ್ ಬಿಗಿ ಮಾಡಿದ ಮೇಲೆ ತೂತಿನಲ್ಲಿ ತೂರಿಸಿ ಎರಡು ಕಾಲು ಮಡಚುತ್ತೇವೆ. ಕೆಲವೇ ರೂಪಾಯಿಯ ತಂತಿ. ನಟ್ ಸಡಿಲವಾದರೂ ಕಳಚಿ ಬೀಳಲು ಅದು ಬಿಡುವುದಿಲ್ಲ.

2011ರ ಡಿಸೆಂಬರ್ 7ರಂದು ಲಾಸ್ ವೇಗಸ್ ಹತ್ತಿರ ಪ್ರವಾಸಿಗರನ್ನು ಒಯ್ಯುತ್ತಿದ್ದ ಎಎಸ್ 350 ಬಿದ್ದು ಐವರು ಸತ್ತರು. ಹಿಂದಿನ ದಿನವಷ್ಟೇ ಅದರ 100 ಗಂಟೆಯ ಸರ್ವಿಸ್ ಆಗಿತ್ತು. ಸವೆದ ಲಾಕ್ ನಟ್ ಅನ್ನೇ ಮತ್ತೆ ಹಾಕಿದ್ದರು, ಪಿನ್ ಹಾಕಿರಲಿಲ್ಲ ಅಥವಾ ಸರಿಯಾಗಿ ಕೂರಿಸಿರಲಿಲ್ಲ. ಹಾರಾಟದಲ್ಲಿ ಬೋಲ್ಟ್ ಕಳಚಿ ನಿಯಂತ್ರಣದ ಕಂಬಿ ಬಿಟ್ಟುಕೊಂಡಿತು. ಪೈಲಟ್ ಮಾಡಬಹುದಾದದ್ದು ಏನೂ ಇರಲಿಲ್ಲ. ಅಮೆರಿಕದ ತನಿಖಾ ಮಂಡಳಿ ಮೆಕ್ಯಾನಿಕ್ ಹೆಸರಿನಲ್ಲಿ ಷರಾ ಬರೆದು ಕೈತೊಳೆದುಕೊಳ್ಳಲಿಲ್ಲ. ಅವನೂ, ಅವನ ಕೆಲಸ ಪರೀಕ್ಷಿಸಿದವನೂ ದಣಿದಿದ್ದರು, ಮಾಮೂಲಿಗಿಂತ ಬೇಗನೆ ಕೆಲಸಕ್ಕೆ ಬರಲು ದೇಹಕ್ಕೆ ಹೊಂದಿಕೊಳ್ಳುವಷ್ಟು ಸಮಯ ಸಿಕ್ಕಿರಲಿಲ್ಲ, ಕೆಲಸದ ಹಂತಗಳನ್ನು ಸ್ಪಷ್ಟವಾಗಿ ಬರೆದುಕೊಟ್ಟ ಕಾರ್ಡ್ ಇರಲಿಲ್ಲ ಎಂದೂ ಹೇಳಿತು.

ಇನ್ನೊಂದು 2009ರ ಮಾರ್ಚ್ 12ರದ್ದು. ಕೆನಡಾದ ಕರಾವಳಿಯಾಚೆ ಎಸ್-92 ಸಮುದ್ರಕ್ಕೆ ಬಿದ್ದು 17 ಜನ ಸತ್ತರು, ಒಬ್ಬರು ಉಳಿದರು. ಗೇರ್‌ಬಾಕ್ಸಿನ ಎಣ್ಣೆ ಫಿಲ್ಟರ್ ಅನ್ನು ಹಿಡಿದಿಟ್ಟಿದ್ದು ಟೈಟಾನಿಯಂನ ಮೂರು ಬೋಲ್ಟುಗಳು. ಅವು ಮುರಿದು ಎಣ್ಣೆಯೆಲ್ಲ ಹೋಯಿತು. ಆಸ್ಟ್ರೇಲಿಯಾದಲ್ಲಿ 2008ರಲ್ಲೇ ಹೀಗಾಗಿತ್ತು. ಅವನ್ನು ತೆಗೆದು ಉಕ್ಕಿನವು ಹಾಕಿ ಎಂದು 2009ರ ಜನವರಿಯಲ್ಲಿ ತಯಾರಕರು ಸೂಚನೆ ಕಳಿಸಿದ್ದರು, 1,250 ಹಾರಾಟದ ಗಂಟೆ ಅಥವಾ ಒಂದು ವರ್ಷದ ಗಡುವು ಕೊಟ್ಟಿದ್ದರು. ಗಡುವು ಮುಗಿದಿರಲಿಲ್ಲ. ಕಾಗದದ ಪ್ರಕಾರ ಯಾರೂ ನಿಯಮ ಮೀರಲಿಲ್ಲ. ಈ ಅಪಘಾತ ಆದ ಮೇಲೆ ಅದೇ ಬದಲಾವಣೆ ಆಗುವವರೆಗೆ ಎಸ್-92 ಹಾರುವಂತಿಲ್ಲ ಎಂಬ ಆದೇಶ ಬಂತು.

ಧ್ರುವ್: ತಯಾರಿಕೆಯೋ, ನಿರ್ವಹಣೆಯೋ?

ಬೆಂಗಳೂರಿನ ಎಚ್‌ಎಎಲ್ ಮಾಡುವ ಧ್ರುವ್ ಹೆಲಿಕಾಪ್ಟರ್ ಸುತ್ತಲಿನ ಚರ್ಚೆ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. 2023ರ ಮಾರ್ಚ್ ಮತ್ತು ಮೇ ನಡುವೆ ನೌಕಾಪಡೆ, ಕೋಸ್ಟ್ ಗಾರ್ಡ್, ಭೂಸೇನೆ ಮೂರರ ಧ್ರುವ್‌ಗಳೂ ಅಪಘಾತಕ್ಕೀಡಾದವು. ನಿಯಂತ್ರಣ ವ್ಯವಸ್ಥೆಯ ಕಂಬಿಗಳನ್ನು ಬದಲಿಸುವ ಕೆಲಸ ನಡೆಯಿತು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್ ಧ್ರುವ್ ಬಿದ್ದು ಮೂವರು ತೀರಿಕೊಂಡರು. ಸ್ವಾಶ್‌ಪ್ಲೇಟ್ ಮುರಿದಿತ್ತು. ಸುಮಾರು 330 ಧ್ರುವ್‌ಗಳನ್ನು ನೆಲಕ್ಕೆ ಕೂರಿಸಲಾಯಿತು. ಮೇ ಆರಂಭದ ಹೊತ್ತಿಗೆ ಭೂಸೇನೆ ಮತ್ತು ವಾಯುಪಡೆಯ ಧ್ರುವ್‌ಗಳಿಗೆ ಮತ್ತೆ ಹಾರುವ ಅನುಮತಿ ಸಿಕ್ಕಿತು. ಸಮುದ್ರದ ಮೇಲೆ ಹಾರುವವು ಇನ್ನೂ ಕಾಯಬೇಕಾಯಿತು.

ವಿನ್ಯಾಸದಲ್ಲೇ ಕೊರತೆ ಇದೆ, ಒಂದರ ನಂತರ ಒಂದು ಭಾಗ ಕೈಕೊಡುತ್ತಿದೆ ಎನ್ನುವುದು ಒಂದು ವಾದ. ಸಿಯಾಚಿನ್‌ನಿಂದ ಸಮುದ್ರದವರೆಗೆ ಎಲ್ಲ ಕಡೆ ದುಡಿಯುವ ಯಂತ್ರ ಇದು, ಉಪ್ಪು ಗಾಳಿಯಂಥ ಪರಿಸರಕ್ಕೆ ಬೇರೆಯದೇ ತಪಾಸಣೆ ಬೇಕು ಎನ್ನುವುದು ಇನ್ನೊಂದು. ಎರಡನ್ನೂ ಎದುರುಬದುರು ನಿಲ್ಲಿಸುವುದು ಸರಿಯಲ್ಲ. ಒಂದು ಭಾಗ ಎಷ್ಟು ಗಂಟೆ ಬಾಳುತ್ತದೆ ಎಂದು ವಿನ್ಯಾಸಕಾರ ಹೇಳುತ್ತಾನೆ. ಅದು ನಿಜಕ್ಕೂ ಹೇಗೆ ಸವೆಯುತ್ತಿದೆ ಎಂದು ನಿರ್ವಹಣೆಯವನು ನೋಡುತ್ತಾನೆ. ಆ ನೋಟ ವಾಪಸ್ ವಿನ್ಯಾಸಕಾರನಿಗೆ ಮುಟ್ಟಬೇಕು. 2018ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲೆಸ್ಟರ್ ಫುಟ್‌ಬಾಲ್ ಮೈದಾನದ ಪಕ್ಕ ಎಡಬ್ಲ್ಯು 169 ಬಿದ್ದು ಐವರು ಸತ್ತಾಗ ಬಾಲದ ರೋಟರಿನ ಒಂದು ಬೇರಿಂಗ್ ಹಾಳಾಗಿತ್ತು. ಆ ಬೇರಿಂಗನ್ನು ಬಿಚ್ಚಿ ನೋಡಬೇಕೆಂಬ ನಿಯಮವೇ ಇರಲಿಲ್ಲ. ನಿಯಮ ಇಲ್ಲದ ತಪಾಸಣೆಯನ್ನು ಯಾರು ಮಾಡುತ್ತಾರೆ?

ಕೇದಾರದಿಂದ ಕೊಡಗಿಗೆ

ಕೊಡಗಿಗೆ ಹೆಲಿಪೋರ್ಟ್ ಬೇಕು, ಏರ್‌ಸ್ಟ್ರಿಪ್ ಬೇಕು ಎಂಬ ಮಾತು ಆಗಾಗ ಏಳುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಹೃದಯಾಘಾತವಾದವರನ್ನು ಆಂಬ್ಯುಲೆನ್ಸ್‌ನಲ್ಲಿ ಒಯ್ಯುವಾಗ ಪ್ರತಿ ತಿರುವೂ ಉದ್ದವೆನಿಸುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರಸ್ತೆಗಳೇ ಇಲ್ಲವಾದದ್ದನ್ನೂ ಯಾರೂ ಮರೆತಿಲ್ಲ. ಬೇಡಿಕೆ ಸಹಜವೇ. ಆದರೆ ಬೆಟ್ಟದ ಮೇಲಿನ ಹೆಲಿಕಾಪ್ಟರ್ ಸೇವೆ ಹೇಗಿರುತ್ತದೆ ಎಂದು ತಿಳಿಯಲು ಉತ್ತರಾಖಂಡವನ್ನು ನೋಡಬೇಕು.

2025ರ ಮೇ 8ರಂದು ಉತ್ತರಕಾಶಿಯ ಗಂಗನಾನಿ ಬಳಿ ಬೆಲ್ 407 ಒಂದು ರಸ್ತೆಯ ಮೇಲೆ ಇಳಿಯಲು ಹೋಯಿತು. ರಸ್ತೆ ಪಕ್ಕದ ಕೇಬಲ್ಲಿಗೆ ರೆಕ್ಕೆ ತಾಗಿತು ಎಂದು ಪ್ರಾಥಮಿಕ ವರದಿ ಹೇಳಿದೆ. 6 ಜನ ಸತ್ತರು. ಜೂನ್ 15ರ ಬೆಳಗಿನ ಜಾವ ಕೇದಾರನಾಥದಿಂದ ಹೊರಟ ಇನ್ನೊಂದು ಬೆಲ್ 407 ಕೆಟ್ಟ ಹವೆಯಲ್ಲಿ ಬಿದ್ದು 7 ಜನ ಸತ್ತರು, ಅವರಲ್ಲಿ ಒಂದು ಪುಟ್ಟ ಮಗುವೂ ಇತ್ತು. ಯಾತ್ರೆಯ ಕಾಲದಲ್ಲಿ ಅಲ್ಲಿ ಹೆಲಿಕಾಪ್ಟರ್‌ಗಳು ದಿನಕ್ಕೆ ಹಲವು ಸಲ ಕೆಲವೇ ನಿಮಿಷಗಳ ಹಾರಾಟ ಮಾಡುತ್ತವೆ. ಭಾಗಗಳ ಆಯುಷ್ಯವನ್ನು ಗಂಟೆಯಲ್ಲಿ ಮಾತ್ರವಲ್ಲ, ಏರಿಳಿತದ ಲೆಕ್ಕದಲ್ಲೂ ಅಳೆಯುತ್ತಾರೆ. ಗಂಟೆ ಕಮ್ಮಿ, ಏರಿಳಿತ ಜಾಸ್ತಿ. ಕಾಯುವ ಜನರ ಸಾಲು ಒಂದು ಕಡೆ, ‘ಇವತ್ತು ಈ ಯಂತ್ರ ಹಾರುವುದು ಬೇಡ’ ಎನ್ನಬೇಕಾದ ಎಂಜಿನಿಯರ್ ಇನ್ನೊಂದು ಕಡೆ. ಒತ್ತಡ ಯಾರ ಮೇಲೆ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ, ಅಲ್ವಾ?

ಕೊಡಗಿನಲ್ಲಿ ಕೇದಾರದಷ್ಟು ಎತ್ತರ ಇಲ್ಲ, ತಡಿಯಂಡಮೋಳ್ ಕೂಡ 1,748 ಮೀಟರ್. ಗಾಳಿ ತೆಳುವಾಗಿ ಎಂಜಿನ್ ಸೊರಗುವ ಸಮಸ್ಯೆ ಇಲ್ಲಿ ಕಮ್ಮಿ. ಉಳಿದದ್ದೆಲ್ಲ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಬೆಟ್ಟದ ನೆತ್ತಿಯ ಮೇಲೇ ಕೂತಿರುತ್ತದೆ. ಕಾಫಿ ತೋಟದ ಸಿಲ್ವರ್ ಓಕ್ ಮರಗಳ ನಡುವೆ ವಿದ್ಯುತ್ ತಂತಿಗಳು ಹಾದುಹೋಗುತ್ತವೆ, ಮೇಲಿನಿಂದ ಅವು ಕಾಣುವುದೇ ಇಲ್ಲ. ಎಂಜಿನ್ ಕೈಕೊಟ್ಟರೆ ಇಳಿಯಲು ಗದ್ದೆ ಬಯಲು ಬೇಕು, ತೋಟದ ನಡುವೆ ಅದು ಎಲ್ಲೋ ಒಂದೊಂದು. ತೇವದಲ್ಲಿ ಲೋಹಕ್ಕೆ ತುಕ್ಕು ಬೇಗ ಹಿಡಿಯುತ್ತದೆ ಎಂಬುದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇಟ್ಟುಕೊಂಡ ಪ್ರತಿ ಬೆಳೆಗಾರನಿಗೂ ಗೊತ್ತು.

ಆದ್ದರಿಂದ ಸೇವೆ ಬರುತ್ತದೆ ಎಂದಾದರೆ ಟಿಕೆಟ್ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಹೆಲಿಕಾಪ್ಟರ್ ರಾತ್ರಿ ಮಳೆಯಲ್ಲಿ ನಿಲ್ಲುತ್ತದೋ, ಹ್ಯಾಂಗರ್ ಇದೆಯೋ? ಲೈಸೆನ್ಸ್ ಇರುವ ಎಂಜಿನಿಯರ್ ಇಲ್ಲೇ ಇರುತ್ತಾರೋ, ಬೆಂಗಳೂರಿನಿಂದ ಬರಬೇಕೋ? ಅವರು ಸಹಿ ಹಾಕುವುದಿಲ್ಲ ಎಂದರೆ ಆ ಮಾತು ಕೊನೆಯದೋ, ಅಲ್ಲವೋ? ಹವಾಮಾನ ಅಳೆಯುವ ಉಪಕರಣ ಮತ್ತು ಕ್ಯಾಮೆರಾ ಹೆಲಿಪ್ಯಾಡ್‌ನಲ್ಲಿ ಮಾತ್ರವೋ, ದಾರಿಯ ಕಣಿವೆಗಳಲ್ಲೂ ಇರುತ್ತವೋ? ತಂತಿಗಳ ನಕ್ಷೆ ಯಾರ ಬಳಿ ಇದೆ? ಜೋರು ಮಳೆಯ ಕಕ್ಕಡ ತಿಂಗಳಲ್ಲಿ ದಿನಗಟ್ಟಲೆ ಹಾರಾಟ ನಿಂತರೆ ಆ ನಷ್ಟವನ್ನು ಯಾರು ಹೊರುತ್ತಾರೆ ಎಂಬುದನ್ನೂ ಒಪ್ಪಂದದಲ್ಲೇ ಬರೆಯಬೇಕು. ಹಾರದ ದಿನಕ್ಕೂ ಹಣ ಸಿಗುತ್ತದೆ ಎಂದಾದರೆ ಮಾತ್ರ ಕಂಪನಿಗೆ ‘ಇವತ್ತು ಬೇಡ’ ಎನ್ನುವುದು ಸುಲಭವಾಗುತ್ತದೆ. ಆ ದಿನಗಳಲ್ಲಿ ರೋಗಿ ಮೈಸೂರಿಗೆ ರಸ್ತೆಯಲ್ಲೇ ಹೋಗಬೇಕು. ಹಾಗಾಗಿ ಹೆಲಿಪ್ಯಾಡ್ ಕಟ್ಟಿದ ಮೇಲೂ ಮಡಿಕೇರಿಯ ಆಸ್ಪತ್ರೆಯಲ್ಲಿ ಹೃದ್ರೋಗದ ಚಿಕಿತ್ಸೆ ಬೇಕೇ ಬೇಕು, ಮೈಸೂರಿನ ರಸ್ತೆಯೂ ಮಳೆಗಾಲದಲ್ಲಿ ತೆರೆದಿರಬೇಕು.